ಯಜಮಾನರ ಹೆಸರಿಗೆ

ಚಾಮರಾಜಪುರಂ, ಮೈಸೂರು
೧೪ ಜನವರಿ ೧೯೬೩

ಶ್ರೀಮಾನ್ ಕೃಷ್ಣಸ್ವಾಮಿಯವರಿಗೆ,

ಮೊದಲು ಕುಶಲವನ್ನು ಹೇಳಿ ಅನಂತರ ವಿಷಯಕ್ಕೆ ಬರುವುದು ಪತ್ರದ ಮರ್ಯಾದೆ. ಈ ಮನೆಯಲ್ಲಿ ಹೇಳಿಕೊಳ್ಳುವಂಥ ಕುಶಲವಿಲ್ಲ; ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ಹದಿನೈದು ವರ್ಷಗಳ ಹಿಂದೆ ತಾವು ನಮ್ಮ ಜಗಲಿಯಿಂದ ಇಳಿದು ಹೋದ ಮೇಲೆ ನಾವಿಬ್ಬರೂ ಪರಸ್ಪರ ಒಂದು ಸಾಲನ್ನೂ ಬರೆದಿಲ್ಲ. ಈಗ ಬರೆಯುತ್ತಿರುವುದು ಹಳೆಯ ಸ್ನೇಹವನ್ನು ಯಾಚಿಸುವುದಕ್ಕಲ್ಲ. ಆರೋಗ್ಯದ ಯೋಜನೆಗಳು ಸಮಿತಿಯ ಮುಂದೆ ಹೋಗುವ ಮೊದಲು ತಮ್ಮ ಮೇಜಿನ ಮೇಲೆ ಹಾದುಹೋಗುತ್ತವೆಂದು ಕೇಳಿದ್ದೇನೆ. ಅದಕ್ಕಾಗಿ.

ನನ್ನ ಮಗಳು ಗಂಗಾಂಬಿಕೆ ಕಳೆದ ಜೂನ್ ಹದಿನೆಂಟರಂದು ತೀರಿಕೊಂಡಳು. ವಯಸ್ಸು ಮೂವತ್ತೆರಡು. ಇಬ್ಬರು ಮಕ್ಕಳು ತುಮಕೂರಿನಲ್ಲಿ ತಂದೆಯ ಬಳಿ ಇದ್ದಾರೆ. ಗರ್ಭಕೋಶದ ಬಾಯಿಯಲ್ಲಿ ಹುಟ್ಟಿದ ಕ್ಯಾನ್ಸರ್. ಈ ಪದಗಳನ್ನು ಬರೆಯುವುದಕ್ಕೆ ನನಗೆ ಏಳು ತಿಂಗಳು ಹಿಡಿಯಿತು. ಬರೆದಾಯಿತು, ಇನ್ನು ಸಂಕೋಚವಿಲ್ಲ.

ಅವಳನ್ನು ಕಡೆಯ ಮೂರು ತಿಂಗಳು ನೋಡಿಕೊಂಡವರು ಯಾದವಗಿರಿಯ ಧರ್ಮಾರ್ಥ ಹೆರಿಗೆ ಮನೆಯ ಡಾಕ್ಟರ್ ನಾಗಮಣಿ. ಮಣ್ಣು ಮಾಡಿ ಬಂದ ಮೂರನೆಯ ದಿನ ಆಕೆ ನನ್ನೊಡನೆ ಹೇಳಿದರು: ಚಪ್ಪಟೆಯಾದ ಒಂದು ಮರದ ಕಡ್ಡಿ, ಒಂದು ಗಾಜಿನ ಪಟ್ಟಿ, ಒಂದು ಸೂಕ್ಷ್ಮದರ್ಶಕ. ಕಡ್ಡಿಯಿಂದ ಸವರಿದ್ದನ್ನು ಗಾಜಿಗೆ ಬಳಿದು ನೋಡಿದರೆ, ರೋಗ ಹುಟ್ಟುವುದಕ್ಕೆ ವರ್ಷಗಳ ಮುಂಚೆಯೇ ಅದರ ಸುಳಿವು ಸಿಕ್ಕುತ್ತದೆ. ಆಗ ಅದನ್ನು ಪೂರ್ತಿಯಾಗಿ ತೆಗೆದುಹಾಕಬಹುದು. ಎಲೆ ಅಡಿಕೆ ಮಡಿಸುವಷ್ಟು ಹೊತ್ತಿನ ಕೆಲಸ. ಕೆನಡಾ ದೇಶದ ಪಶ್ಚಿಮದ ಪ್ರಾಂತ್ಯವೊಂದರಲ್ಲಿ ಇದನ್ನು ಹದಿನಾಲ್ಕು ವರ್ಷಗಳಿಂದ ಮಾಡುತ್ತಿದ್ದಾರಂತೆ.

ಇದು ಈ ದೇಶದಲ್ಲಿ ಸಾಧ್ಯವಿಲ್ಲವೆಂದು ತಾವು ಹೇಳುವುದಕ್ಕೆ ಮುಂಚೆ ನನ್ನ ವಾದವನ್ನು ಕೇಳಿ. ಹದಿನೈದು ದಿನಕ್ಕೊಮ್ಮೆ ಮಲೇರಿಯಾ ಇಲಾಖೆಯ ನೌಕರನೊಬ್ಬ ನಮ್ಮ ಬೀದಿಗೆ ಬರುತ್ತಾನೆ. ಜ್ವರವಿದ್ದವರ ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತದ ಬೊಟ್ಟು ಹಿಡಿದು, ಬಾಗಿಲ ಪಕ್ಕದ ಗೋಡೆಯಲ್ಲಿ ತಾರೀಖು ಗುರುತಿಸಿ ಹೋಗುತ್ತಾನೆ. ಗಂಗೆ ಒಳಕೋಣೆಯಲ್ಲಿ ಮಲಗಿದ್ದ ಆ ತಿಂಗಳುಗಳಲ್ಲೂ ಆತ ಬಂದು, "ಮನೇಲಿ ಯಾರ್ಗಾದ್ರೂ ಜ್ವರ ಇದ್ಯಾ ಸಾರ್?" ಎಂದು ಕೇಳಿದ, ನಾನು ಇಲ್ಲವೆಂದೆ, ಆತ ಬರೆದುಕೊಂಡು ಹೋದ. ಆ ತಾರೀಖುಗಳು ಇನ್ನೂ ಗೋಡೆಯ ಮೇಲಿವೆ. ಒಂದು ರೋಗಕ್ಕಾಗಿ ಸರ್ಕಾರ ಇಡೀ ದೇಶದ ಮನೆಬಾಗಿಲಿಗೆ ಗಾಜಿನ ಪಟ್ಟಿಯನ್ನು ಕಳುಹಿಸಬಲ್ಲದಾದರೆ, ಇನ್ನೊಂದು ರೋಗಕ್ಕಾಗಿ ಏಕೆ ಕಳುಹಿಸಲಾರದು?

ಒಂದು ಮಾತು ಮಾತ್ರ ನನಗೆ ಅರ್ಥವಾಗಿಲ್ಲ. ಗಂಗೆ ಮದುವೆಯಾದಂದಿನಿಂದ ತಿಂಗಳಿಗೊಂದು ಕಾಗದವನ್ನು ತಪ್ಪದೆ ಬರೆಯುತ್ತಿದ್ದಳು. ಕಾಯಿಲೆ ಒಳಗೊಳಗೇ ಬೆಳೆಯುತ್ತಿದ್ದ ಕಡೆಯ ಎರಡು ವರ್ಷಗಳ ಇಪ್ಪತ್ತಮೂರು ಕಾಗದಗಳು ನನ್ನ ಮುಂದಿವೆ. ಅವುಗಳಲ್ಲಿ ಈ ವಿಷಯವಾಗಿ ಒಂದು ಅಕ್ಷರವೂ ಇಲ್ಲ. ಬರೆಯಲು ಬಲ್ಲವಳು ಏಕೆ ಬರೆಯಲಿಲ್ಲ?

ಇತಿ,
ಸದಾಶಿವಯ್ಯ
(ನಿವೃತ್ತ ಮುಖ್ಯೋಪಾಧ್ಯಾಯ)


ಲೋದಿ ಕಾಲೊನಿ, ನವದೆಹಲಿ
೨ ಫೆಬ್ರವರಿ ೧೯೬೩

ಸದಾಶಿವ,

"ತಾವು" ಎಂದು ಬರೆದಿದ್ದೀಯೆ. ಕಾಲೇಜಿನ ಚರ್ಚಾಕೂಟದಲ್ಲಿ ಎದುರಾಳಿಗೆ ಮಣ್ಣು ಮುಕ್ಕಿಸುವ ಮುನ್ನ ನೀನು ಹೀಗೆಯೇ ಬಹುವಚನ ಹಿಡಿಯುತ್ತಿದ್ದೆ. ನನ್ನ ಮಟ್ಟಿಗೆ ಅದು ಬೇಡ. ಕಾಗದ ಓದಿ ಆಫೀಸಿಗೆ ರಜ ಹಾಕಿ ಮನೆಯಲ್ಲಿ ಕೂತಿದ್ದೆ ಎಂಬುದನ್ನಷ್ಟೇ ಹೇಳುತ್ತೇನೆ.

ಗಂಗೆ ನನಗೆ ಹತ್ತು ವರ್ಷದ ಹುಡುಗಿಯಾಗಿಯೇ ನೆನಪಿದ್ದಾಳೆ. ನಾನು ಬಂದಾಗಲೆಲ್ಲ ಬಾಗಿಲ ಹಿಂದೆ ನಿಂತು ನಮ್ಮ ವಾದ ಕೇಳುತ್ತಿದ್ದಳು. ಒಮ್ಮೆ ನೀನು ನೀರಿಗೆಂದು ಒಳಗೆ ಹೋದಾಗ ಹೊರಗೆ ಬಂದು, "ಮಾಮಾ, ನೀವು ಹೇಳಿದ್ದೇ ಸರಿ. ಆದ್ರೆ ಅಪ್ಪನೇ ಗೆಲ್ಲೋದು" ಅಂದು ಓಡಿಹೋಗಿದ್ದಳು. ಅವಳನ್ನು ಕಾಲೇಜಿಗೆ ಕಳಿಸು ಎಂದು ನಾನು ಕೇಳಿ, ನೀನು ವಾದಿಸಿ ಗೆದ್ದು, ಅವಳ ಮದುವೆ ಗೊತ್ತುಮಾಡಿದ ದಿನ ನಾನು ಜಗಲಿ ಇಳಿದದ್ದು. ಅದನ್ನು ಈಗ ಎತ್ತುವುದಿಲ್ಲ.

ಕೆಲಸದ ಮಾತು. ಇಲ್ಲಿ ದುಃಖಕ್ಕೆ ಕಡತ ತೆರೆಯುವುದಿಲ್ಲ, ಅಂಕಿಗೆ ತೆರೆಯುತ್ತಾರೆ. ಒಂದು ಊರಿನ ಇನ್ನೂರು ಮಂದಿ ಮದುವೆಯಾದ ಹೆಂಗಸರು ತಾವಾಗಿ ಬಂದು ಪರೀಕ್ಷೆ ಮಾಡಿಸಿಕೊಂಡರು, ದೋಷ ಕಂಡವರು ಮತ್ತೆ ಬಂದು ಚಿಕಿತ್ಸೆ ಪಡೆದರು ಎಂದು ನೀನು ತೋರಿಸಿದರೆ, ದೇಶವ್ಯಾಪಿ ತಪಾಸಣೆಗೆ ಒಂದು ಟಿಪ್ಪಣಿಯನ್ನು ನಾಲ್ಕನೆಯ ಪಂಚವಾರ್ಷಿಕ ಯೋಜನೆಯ ಕರಡಿನೊಳಗೆ ತುರುಕುವುದಕ್ಕೆ ನೋಡುತ್ತೇನೆ. ಅರವತ್ತೈದನೆಯ ಇಸವಿಗೆ ನನ್ನ ನಿವೃತ್ತಿ. ಆಮೇಲೆ ನಾನು ಲೋದಿ ತೋಟದಲ್ಲಿ ತಿರುಗಾಡುವ ಮುದುಕ, ಅಷ್ಟೇ.

ಕೊನೆಗೆ ನೀನು ಕೇಳಿದ ಪ್ರಶ್ನೆ. ಉತ್ತರವಲ್ಲ, ಇನ್ನೊಂದು ಪ್ರಶ್ನೆ ಕೇಳುತ್ತೇನೆ. ನಿನ್ನ ಮನೆಗೆ ಬರುವ ಕಾಗದವನ್ನು ಯಾರು ಒಡೆಯುತ್ತಾರೆ?

ನಿನ್ನ,
ಕೃಷ್ಣಸ್ವಾಮಿ


ಚಾಮರಾಜಪುರಂ
೧೧ ಫೆಬ್ರವರಿ ೧೯೬೩

ಕೃಷ್ಣಸ್ವಾಮಿ,

ಇನ್ನೂರು ಮಂದಿ ಎಂಬ ಷರತ್ತು ನ್ಯಾಯವಾದದ್ದು; ಒಪ್ಪಿದ್ದೇನೆ.

ನಿನ್ನ ಕಡೆಯ ಪ್ರಶ್ನೆ ಪ್ರಸ್ತುತ ವಿಷಯಕ್ಕೆ ಸಂಬಂಧಿಸಿದ್ದಲ್ಲ. ಕೇಳಿದ್ದರಿಂದ ಉತ್ತರಿಸುತ್ತೇನೆ. ಕಾಗದಗಳನ್ನು ನಾನೇ ಒಡೆಯುತ್ತೇನೆ. ಸರ್ವಮಂಗಳೆಗೆ ಓದು ಬಾರದೆಂಬುದು ನಿನಗೆ ಗೊತ್ತು. ಮಗಳ ಕಾಗದವನ್ನು ಪಡಸಾಲೆಯಲ್ಲಿ ಕೂತು ಅವಳಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ; ಆ ಹೊತ್ತಿಗೆ ಬಂದವರಿದ್ದರೆ ಅವರೂ ಕೇಳುತ್ತಿದ್ದರು, ಏಕೆಂದರೆ ಅವಳ ಭಾಷೆ ಕೇಳುವಂತಿತ್ತು. ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿ, ನನ್ನ ಉತ್ತರದ ಕೊನೆಯಲ್ಲಿ ಅವುಗಳ ಪಟ್ಟಿಯನ್ನು ಕಳುಹಿಸುತ್ತಿದ್ದೆ. ಕಾಲೇಜಿಗೆ ಹೋಗದಿದ್ದರೂ ನನ್ನ ಮಗಳ ಬರೆಹ ಶುದ್ಧವಾಗಿತ್ತೆಂದು ನಿನಗೆ ತಿಳಿದಿರಲಿ. ಇದರಲ್ಲಿ ಮುಚ್ಚುಮರೆಯಾಗಲಿ ಆಕ್ಷೇಪಾರ್ಹವಾದದ್ದಾಗಲಿ ಏನೂ ಇಲ್ಲ.

ಸದಾಶಿವಯ್ಯ


ಚಾಮರಾಜಪುರಂ
೨೫ ಆಗಸ್ಟ್ ೧೯೬೩

ಪ್ರಿಯ ಕೃಷ್ಣಸ್ವಾಮಿ,

ಆರು ತಿಂಗಳು ಬರೆಯಲಿಲ್ಲ, ಬರೆಯುವಂಥದ್ದೂ ಇರಲಿಲ್ಲ. ಡಾಕ್ಟರ್ ನಾಗಮಣಿ ಎರಡು ತಿಂಗಳು ಮುಂಬಯಿಗೆ ಹೋಗಿ ಗಾಜುಗಳನ್ನು ಓದುವುದನ್ನು ಕಲಿತು ಬಂದರು. ಗುರುವಾರಗಳಂದು ಹೆರಿಗೆ ಮನೆಯ ಹಿಂದಿನ ಕೋಣೆ ನಮ್ಮದು. ಕರೆಯೋಲೆ ಬರೆಯುವುದು, ವಹಿ ಇಡುವುದು, ಪತ್ರವ್ಯವಹಾರ ಇವು ನನ್ನ ಪಾಲು. ಗುಟ್ಟು ಕಾಪಾಡುವ ಸಲುವಾಗಿ ಒಂದು ಕ್ರಮ ಹಾಕಿದ್ದೇನೆ: ಗಾಜಿನ ಮೇಲೆ ಬರೀ ಅಂಕಿ, ಹೆಸರು ನನ್ನ ವಹಿಯಲ್ಲಿ. ಯಾವ ಅಂಕಿ ಯಾರದೆಂಬುದು ನನಗಲ್ಲದೆ ಬೇರೆಯವರಿಗೆ ತಿಳಿಯದು.

ಮೊದಲನೆಯ ಗುರುವಾರ ಒಬ್ಬರೂ ಬರಲಿಲ್ಲ. ಎರಡನೆಯದಕ್ಕೆ ಸರ್ವಮಂಗಳೆ ತಾನಾಗಿ ಸೀರೆ ಬದಲಿಸಿ ಬಂದು, "ನಡೀರಿ, ನಾನು ಮೊದಲ್ನೇವಳಾಗ್ತೀನಿ" ಅಂದಳು. ವಹಿಯಲ್ಲಿ ಅವಳು ಒಂದು.

ಮೂರನೆಯ ವಾರದಿಂದ ನಮ್ಮ ಅದೃಷ್ಟ ತೆರೆಯಿತು; ತೆರೆದವಳು ಪುಟ್ಟತಾಯಮ್ಮ. ಒಂಟಿಕೊಪ್ಪಲಿನಿಂದ ದಿನಬೆಳಗಾದರೆ ಕುಕ್ಕೆ ಹೊತ್ತು ನಮ್ಮ ಬೀದಿಗೆ ಮೊಸರು ತರುವವಳು. ಗಂಡ ಕೆಂಪಯ್ಯ ರೈಲ್ವೆ ಕಾರ್ಖಾನೆಯಲ್ಲಿ ಕೂಲಿ. ಸರ್ವಮಂಗಳೆ ಅವಳಿಗೆ ಏನು ಹೇಳಿದಳೋ, ಮುಂದಿನ ಗುರುವಾರ ಹದಿನಾಲ್ಕು ಹೆಂಗಸರನ್ನು ಹಿಂದೆ ಕಟ್ಟಿಕೊಂಡು ಬಂದಳು. ಬಂದವರು ಬಾಗಿಲಲ್ಲೇ ನಾಚಿ ನಿಂತಾಗ ಆಕೆಯ ದನಿ ಹೊರಗಿನ ಮರದ ಕೆಳಗೆ ಕೂತ ನನಗೂ ಕೇಳಿಸಿತು:

"ಅಯ್ಯೋ ಬನ್ರವ್ವಾ! ಆರು ಎತ್ತಿರೋಳು ನಾನು, ಇದೇನ್ ಮಹಾ? ಉಪ್ಪಿನ್‌ಕಾಯಿ ಜಾಡೀಗೆ ಕಡ್ಡಿ ಅದ್ದಿ ರುಚಿ ನೋಡಕಿಲ್ವಾ, ಅಷ್ಟೇಯ."

"ನಿನ್ ಬಾಯಿಗಿಷ್ಟು ಬೆಂಕಿ ಹಾಕ" ಎಂದು ಒಬ್ಬಳು ನಕ್ಕಳು. ನಗುತ್ತಲೇ ಒಳಗೆ ಹೋದಳು. ಆಮೇಲೆ ಸಾಲು ನಿಲ್ಲಲೇ ಇಲ್ಲ. ಈವರೆಗೆ ನೂರ ಹನ್ನೆರಡು.

ಒಂದು ವಿಷಯದಲ್ಲಿ ಡಾಕ್ಟರಿಗೂ ನನಗೂ ಭಿನ್ನಾಭಿಪ್ರಾಯ ಬಂತು. ಫಲಿತಾಂಶವನ್ನು ಎಂಟನೆಯ ದಿನ ಬಂದು ಕೇಳಬೇಕೆಂದು ಆಕೆ ಹೇಳಿ ಕಳುಹಿಸುತ್ತಾರೆ. ಅರ್ಧಕ್ಕರ್ಧ ಮಂದಿ ಬರುವುದಿಲ್ಲ. ಹಾಗಾದರೆ ಕಾಗದ ಬರೆಯೋಣವೆಂದೆ. ಯಾರಿಗೆ ಎಂದು ಕೇಳಿದರು. ಮನೆಯ ಯಜಮಾನರಿಗೆ ಎಂದೆ.

"ಬೇಡಿ ಸರ್. ಇದು ಹೆಂಗಸರ ಕಿವಿಗೆ ಹೇಳಬೇಕಾದ ಮಾತು. ನಾನೇ ಮನೆಮನೆಗೆ ಹೋಗಿ ಹೇಳ್ತೀನಿ."

ಪರಸ್ತ್ರೀಗೆ ನೇರವಾಗಿ ಕಾಗದ ಬರೆಯುವುದು ಸಭ್ಯತೆಯಲ್ಲ; ಚಿಕಿತ್ಸೆಗೆ ಹೇಗಿದ್ದರೂ ಯಜಮಾನರ ಒಪ್ಪಿಗೆ ಬೇಕು; ದೇಶದ ಕೋಟಿ ಮನೆಗಳಿಗೆ ಡಾಕ್ಟರು ನಡೆದು ಹೋಗಲಾರರು, ಅಂಚೆ ಹೋಗಬಲ್ಲದು; ಇಂದು ಇನ್ನೂರಕ್ಕೆ ಹಾಕುವ ಕ್ರಮವೇ ನಾಳೆ ದೇಶದ ಕ್ರಮವಾಗಬೇಕು. ಹೀಗೆ ಮುಕ್ಕಾಲು ಗಂಟೆ ಮಾತಾಡಿದೆ. ಆಕೆ ಕಡೆಗೆ ಕೈಯೆತ್ತಿ, "ನಿಮ್ಮ ಹತ್ರ ಯಾರು ಗೆಲ್ಲೋಕಾಗುತ್ತೆ ಸರ್" ಎಂದು ಒಪ್ಪಿಕೊಂಡರು. ಬಹಳ ದಿನಗಳ ಮೇಲೆ ನನ್ನ ದನಿ ನನಗೇ ಹಳೆಯದಾಗಿ ಕೇಳಿಸಿತು.

ಇತಿ,
ಸದಾಶಿವ


ಚಾಮರಾಜಪುರಂ
೯ ಡಿಸೆಂಬರ್ ೧೯೬೩

ಪ್ರಿಯ ಕೃಷ್ಣಸ್ವಾಮಿ,

ಇನ್ನೂರು ಮುಗಿಯಿತು. ವರದಿಯನ್ನು ಪ್ರತ್ಯೇಕ ಲಕೋಟೆಯಲ್ಲಿ ಕಳುಹಿಸಿದ್ದೇನೆ. ಒಂಬತ್ತು ಗಾಜುಗಳಲ್ಲಿ ದೋಷ ಕಂಡಿದೆ. ಒಂಬತ್ತು ಮನೆಗಳಿಗೂ ಸ್ವೀಕೃತಿ ಸಹಿತವಾದ ರಿಜಿಸ್ಟರ್ಡ್ ಪತ್ರಗಳು ಹೋಗಿವೆ. ಎಂಟು ಮಂದಿಯನ್ನು ಅವರ ಯಜಮಾನರೇ ಕರೆದುಕೊಂಡು ಬಂದರು, ಚಿಕಿತ್ಸೆ ನಡೆದಿದೆ, ಎಂಟು ಮಂದಿಯೂ ಉಳಿಯುತ್ತಾರೆಂದು ಡಾಕ್ಟರರ ಮಾತು. ಅದನ್ನು ಕೇಳಿದ ದಿನ ಮನೆಗೆ ಬಂದು ಬಾಗಿಲ ಪಕ್ಕದ ಗೋಡೆಯನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದೆ.

ಪತ್ರದ ಒಕ್ಕಣೆಯನ್ನೂ ಲಗತ್ತಿಸಿದ್ದೇನೆ. ದೇಶದ ಇತರ ಭಾಷೆಗಳಿಗೆ ಅದನ್ನು ಅನುವಾದಿಸಬಹುದು. ಯಾವ ಅಂಗದ ಹೆಸರನ್ನೂ ಎತ್ತದೆ, ಯಾರ ಮನಸ್ಸಿಗೂ ನೋವಾಗದಂತೆ ಬರೆಯುವುದಕ್ಕೆ ಹನ್ನೊಂದು ಸಾರಿ ತಿದ್ದಿದೆ. "ತಮ್ಮ ಗೃಹಿಣಿಯವರ ದೇಹದ ಸೂಕ್ಷ್ಮ ಭಾಗವೊಂದರ ಕೋಶಗಳಲ್ಲಿ ಕಿಂಚಿತ್ ವ್ಯತ್ಯಯವು ಗೋಚರಿಸಿರುವುದರಿಂದ…" ಎಂದು ಆರಂಭ.

ನಿನಗೆ ನಗು ಬರಬಹುದಾದ ಒಂದು ಸಂಗತಿ. ಮೊನ್ನೆ ಪುಟ್ಟತಾಯಮ್ಮ ಮೊಸರು ಅಳೆಯುತ್ತ ಜಗಲಿಯ ಮೇಲಿದ್ದ ನನ್ನನ್ನು ಕೇಳಿದಳು, "ಮೇಷ್ಟ್ರೇ, ನನ್ ಪರೀಕ್ಸೆ ಪಾಸಾ, ಪೇಲಾ? ನೀವು ಎಡ್ ಮೇಷ್ಟ್ರು, ನಿಮ್ಗೆ ಗೊತ್ತಿರ್ತದಲ್ಲ."

ಇಂಥ ವಿಷಯವನ್ನು ಬೀದಿಬಾಗಿಲಲ್ಲಿ ಹೆಂಗಸೊಬ್ಬಳ ಜತೆ ಮಾತಾಡುವುದು ಹೇಗೆ? "ನಿನ್ನ ಯಜಮಾನನಿಗೆ ಬರೆದಿದ್ದೇನಮ್ಮ, ಅವನನ್ನು ಕೇಳು" ಎಂದೆ.

"ಆ ಮುಂಡೇದು ಪಾಸಾಗಿದೀಯ ಓಗು ಅಂತು. ನೀವು ಒಂದ್ ಮಾತ್ ಅಂದ್ರೆ ನೆಮ್ದಿ ಅಂತ ಕೇಳ್ದೆ, ಅಷ್ಟೇಯ" ಎಂದು ಕುಕ್ಕೆ ಎತ್ತಿಕೊಂಡು ಹೋದಳು.

ಇತಿ,
ಸದಾಶಿವ


ಲೋದಿ ಕಾಲೊನಿ, ನವದೆಹಲಿ
೧೮ ಮಾರ್ಚ್ ೧೯೬೪

ಪ್ರಿಯ ಸದಾಶಿವ,

ನಿನ್ನ ವರದಿ ಇಲ್ಲಿ ಕೈಯಿಂದ ಕೈಗೆ ಹೋಗುತ್ತಿದೆ. ಮಲೇರಿಯಾ ನೌಕರನ ಗಾಜಿನ ಪಟ್ಟಿಯ ವಾದ ಒಬ್ಬರಿಬ್ಬರಿಗೆ ನಾಟಿದೆ. ಸಿಡುಬು ಮುಗಿಯಲಿ, ಕ್ಷಯ ಮುಗಿಯಲಿ, ಇದಕ್ಕೇನು ಅವಸರ ಅನ್ನುವವರೂ ಇದ್ದಾರೆ. ಆದರೂ ಅಕ್ಟೋಬರಿನ ಸಮಿತಿಯ ಮುಂದೆ ಇಡುವುದಕ್ಕೆ ಒಪ್ಪಿಗೆ ಸಿಕ್ಕಿದೆ. ಇಷ್ಟು ದೂರ ಬರುತ್ತದೆ ಎಂದು ನಾನೇ ನಂಬಿರಲಿಲ್ಲ.

ಒಂದು ಸಂದೇಹ. ಒಂಬತ್ತರಲ್ಲಿ ಎಂಟು ಮಂದಿ ಬಂದರು ಎಂದಿದ್ದೀಯೆ. ಒಂಬತ್ತನೆಯವಳು ಎಲ್ಲಿ? ಸಮಿತಿಯಲ್ಲಿ ಕೇಳಿಯೇ ಕೇಳುತ್ತಾರೆ. ಅದಲ್ಲದೆ ನಾನೂ ಕೇಳುತ್ತಿದ್ದೇನೆ.

ನಿನ್ನ,
ಕೃಷ್ಣಸ್ವಾಮಿ


ಚಾಮರಾಜಪುರಂ
೨೭ ಮಾರ್ಚ್ ೧೯೬೪

ಪ್ರಿಯ ಕೃಷ್ಣಸ್ವಾಮಿ,

ನಲವತ್ತಮೂರನೆಯ ಅಂಕಿಯ ಪತ್ರ ತಲುಪಿದೆ. ಹೆಬ್ಬೆಟ್ಟಿನ ಗುರುತಿರುವ ಸ್ವೀಕೃತಿ ನನ್ನ ಕಡತದಲ್ಲಿದೆ. ಜನವರಿಯಲ್ಲಿ ಜ್ಞಾಪಕಪತ್ರವನ್ನೂ ಕಳುಹಿಸಿದೆ. ಅದರ ಸ್ವೀಕೃತಿಯೂ ಹಾಗೆಯೇ ಬಂದಿದೆ. ಡಾಕ್ಟರರು ಕೇಳಿದಾಗಲೂ ಯಜಮಾನನಿಗೆ ವಿಷಯ ತಿಳಿದಿದೆ ಎಂದು ತಿಳಿಸಿದ್ದೇನೆ. ತಿಳಿದೂ ಬಾರದಿರುವುದು ಆ ಕುಟುಂಬದ ವಿವೇಚನೆ. ಕ್ರಮದಲ್ಲಿ ಲೋಪವಿಲ್ಲ ಎಂದು ಸಮಿತಿಗೆ ಹೇಳಬಹುದು.

ಸದಾಶಿವ


ಚಾಮರಾಜಪುರಂ
೨೦ ಸೆಪ್ಟೆಂಬರ್ ೧೯೬೪

ಕೃಷ್ಣಸ್ವಾಮಿ,

ನಲವತ್ತಮೂರು ಪುಟ್ಟತಾಯಮ್ಮ.

ಜುಲೈ ಕೊನೆಯಲ್ಲಿ ಹನ್ನೆರಡು ದಿನ ಮೊಸರು ಬರಲಿಲ್ಲ. ಹದಿಮೂರನೆಯ ದಿನ ಅದೇ ಕುಕ್ಕೆ ಹೊತ್ತು ಅವಳ ತಂಗಿ ಬೆಟ್ಟಮ್ಮ ಬಂದಳು. "ಅಕ್ಕುಂಗೆ ಉಸಾರಿಲ್ಲ ಸ್ವಾಮಿ. ಒಂದೇ ಸಮ್ನೆ ರಕ್ತ ಓಯ್ತದೆ, ಮೇಲೇಳಕ್ಕೇ ಆಗಕಿಲ್ಲ" ಎಂದಳು. ನಾನು ಒಳಗೆ ಹೋಗಿ ವಹಿಯನ್ನು ತೆಗೆದೆ. ತೆಗೆಯುವ ಅಗತ್ಯವಿರಲಿಲ್ಲ; ಅಂಕಿ ನನಗೆ ಬಾಯಿಪಾಠವಾಗಿತ್ತು. ಸರ್ವಮಂಗಳೆ ಹಿಂದೆ ನಿಂತು, "ಅವಳದೇನಾ? ನಿಮಗೆ ಮೊದಲೇ ಗೊತ್ತಿತ್ತಾ?" ಎಂದಳು. ಗೊತ್ತಿತ್ತು ಎಂದೆ.

ಡಾಕ್ಟರ್ ನಾಗಮಣಿ ಅಂದೇ ಒಂಟಿಕೊಪ್ಪಲಿಗೆ ಹೋದರು. ಹಿಂದಿರುಗಿ ಬಂದು ಕುರ್ಚಿಯಲ್ಲಿ ಕೂರಲೂ ಇಲ್ಲ. "ಇದು ಗಂಗಮ್ಮನ ಹಾಗೇ ಆಗಿದೆ ಸರ್. ಹೋದ ವರ್ಷ ಬಂದಿದ್ರೆ ಒಂದು ದಿನದ ಕೆಲಸ" ಎಂದರು. ನನ್ನ ಮುಖವನ್ನು ಅವರು ನೋಡಲಿಲ್ಲ.

ಮೊನ್ನೆ ಹದಿನಾರರಂದು ಪುಟ್ಟತಾಯಮ್ಮ ಹೋದಳು. ನಿನ್ನೆ ಕೆಂಪಯ್ಯ ಬಂದು ಜಗಲಿಯ ಕೆಳಗೆ ನಿಂತು, ನನ್ನ ಎರಡು ಲಕೋಟೆಗಳನ್ನೂ ಮೇಲಿಟ್ಟ. ಹೆಂಚಿನ ಸಂದಿನಲ್ಲಿ ಇಟ್ಟಿದ್ದರಿಂದ ಹೊಗೆ ಹಿಡಿದು ಕಂದಾಗಿದ್ದವು. ಎರಡನೆಯದನ್ನು ಒಡೆದೇ ಇರಲಿಲ್ಲ. ಅವನು ಆಡಿದ್ದನ್ನು ಆಡಿದಂತೆಯೇ ಬರೆಯುತ್ತೇನೆ.

"ನಂಗೆ ಓದಕ್ ಬರಕಿಲ್ಲ ಸ್ವಾಮಿ. ನಮ್ ಬೀದೀಲಿ ಕಾಗ್ದ ಬಂದ್ರೆ ಅಂಗ್ಡಿ ಸಿದ್ದಮಲ್ಲಪ್ಪನೇ ಓದೋದು. ನಾಕ್ ಜನ ಬೀಡಿ ಸೇದ್ಕಂಡ್ ಕೂತಿದ್ರು. ಅವ್ನು ಜೋರಾಗ್ ಓದ್ಬುಟ್ಟ. ಅವ್ನಿಗೂ ಪೂರಾ ತಿಳೀನಿಲ್ಲ. 'ನಿನ್ ಎಂಡ್ರು ಒಳಗೆ ಏನೋ ಕೆಟ್ಟೋಗದಂತೆ ಕಣ್ಲಾ' ಅಂದ. ಎಲ್ರೂ ನಕ್ಬುಟ್ರು. 'ಯಾರ್ ಕೆಡಿಸ್ದೋರು?' ಅಂದ ಒಬ್ಬ. ನಾನೆಂಗೆ ಬಂದು ಅವ್ಳಿಗ್ ಯೋಳ್ಲಿ? ಅವ್ಳು ಕೇಳುದ್ಲು. ಪಾಸಾಗಿದೀಯ ಓಗು ಅಂದ್ಬುಟ್ಟೆ."

ನಾನು ಲಕೋಟೆಗಳನ್ನು ಎತ್ತಿಕೊಂಡೆ. ಅವನು ಹೊರಡಲು ತಿರುಗಿದವನು ನಿಂತು ಇನ್ನೊಂದು ಮಾತು ಅಂದ. ಸಿಟ್ಟಿನಿಂದಲ್ಲ, ಸಿಟ್ಟಿದ್ದರೆ ನಾನು ಎದುರಿಸಬಲ್ಲವನಾಗಿದ್ದೆ.

"ದಿನಾ ನಿಮ್ ಬಾಗ್ಲಿಗೇ ಬತ್ತಿದ್ಲಲ್ಲ ಸ್ವಾಮಿ. ನೀವಾರ ಒಂದ್ ಮಾತು ಯೋಳ್ಬೋದಾಗಿತ್ತಲ್ಲ."

ಅವಳು ನನ್ನನ್ನು ಕೇಳಿಯೂ ಇದ್ದಳು, ಕೃಷ್ಣಸ್ವಾಮಿ. ನಿನಗೆ ನಗು ಬರಲಿ ಎಂದು ಅದನ್ನು ಬರೆದೆ. ಹೆಬ್ಬೆಟ್ಟಿನ ಗುರುತನ್ನು ಎರಡು ಸಾರಿ ಕೈಯಲ್ಲಿ ಹಿಡಿದು ನೋಡಿ, ಹೆಬ್ಬೆಟ್ಟು ಒತ್ತುವವನು ಓದಲಾರನೆಂಬುದು ನನಗೆ ಹೊಳೆಯಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವನಿಗೆ.

ಇದನ್ನು ಮುಚ್ಚಿಟ್ಟು ಟಿಪ್ಪಣಿ ಮುಂದೆ ಹೋಗಕೂಡದು. ಸಮಿತಿಯ ಮುಂದೆ ನನ್ನ ವರದಿಯ ಜತೆಗೆ ಈ ಪತ್ರವನ್ನೂ ಇಡು. ಕ್ರಮದಲ್ಲಿ ಲೋಪವಿಲ್ಲ ಎಂದಿದ್ದೆ. ಲೋಪ ನಾನು ಹಾಕಿದ ಕ್ರಮದ್ದೇ ಎಂದು, ಡಾಕ್ಟರ್ ನಾಗಮಣಿ ಅದನ್ನು ಮೊದಲೇ ಹೇಳಿದ್ದರೆಂದು ದಾಖಲಾಗಲಿ. ತಪಾಸಣೆಯನ್ನು ತನ್ನಿ, ಕಾಗದವನ್ನು ಯಜಮಾನರಿಗೆ ಬರೆಯಬೇಡಿ. ನನ್ನ ವಾದ ಇಷ್ಟೇ.

ಸದಾಶಿವ


ಲೋದಿ ಕಾಲೊನಿ, ನವದೆಹಲಿ
೫ ಜನವರಿ ೧೯೬೫

ಪ್ರಿಯ ಸದಾಶಿವ,

ಎರಡು ತಿಂಗಳು ಈ ಕಾಗದವನ್ನು ಬರೆಯದೆ ತಳ್ಳಿದೆ.

ನಿನ್ನ ಪತ್ರವನ್ನು ಇಡಬೇಕೇ ಬೇಡವೇ ಎಂದು ಬಹಳ ಯೋಚಿಸಿದೆ. ಇಡದಿದ್ದರೆ ಟಿಪ್ಪಣಿ ಬಹುಶಃ ದಾಟುತ್ತಿತ್ತು. ನೀನು ಹೇಳಿದ್ದರಿಂದ ಇಟ್ಟೆ. ಸದಸ್ಯರು ಗೌರವದಿಂದಲೇ ಓದಿದರು. ಆಮೇಲೆ ಒಬ್ಬರು ಹೇಳಿದರು: ಮೈಸೂರಿನಂಥ ವಿದ್ಯಾವಂತರ ಊರಿನಲ್ಲಿ, ಮುಖ್ಯೋಪಾಧ್ಯಾಯರೊಬ್ಬರು ತಾವೇ ನಿಂತು ಮಾಡಿಸಿದರೂ, ತನ್ನ ಬಾಗಿಲಿಗೆ ದಿನವೂ ಬರುವ ಹೆಂಗಸಿಗೆ ಫಲಿತಾಂಶ ತಲುಪಲಿಲ್ಲ, ಅಂದಮೇಲೆ ದೇಶ ಇದಕ್ಕೆ ಇನ್ನೂ ಸಿದ್ಧವಾಗಿಲ್ಲ. ಉಳಿದವರು ತಲೆಯಾಡಿಸಿದರು. ದೋಷ ಕ್ರಮದ್ದು, ದೇಶದ್ದಲ್ಲ ಎಂದು ನಾನು ಎದ್ದು ಹೇಳಿದೆ. ನಿನ್ನ ಹಾಗೆ ಹೇಳಲು ನನಗೆ ಬರುವುದಿಲ್ಲ. "ಮುಂದೆ ಎಂದಾದರೂ ಪರಿಶೀಲಿಸಬಹುದು" ಎಂದು ಬರೆದು ಕಡತಕ್ಕೆ ದಾರ ಕಟ್ಟಿದರು. ಆ ದಾರ ಬಿಚ್ಚಿದ್ದನ್ನು ನನ್ನ ಸರ್ವಿಸ್ಸಿನಲ್ಲಿ ನಾನು ನೋಡಿಲ್ಲ.

ಏಪ್ರಿಲಿಗೆ ನನ್ನ ನಿವೃತ್ತಿ. ಗುರುವಾರಗಳು ನಡೆಯುತ್ತಿವೆಯೆ?

ನಿನ್ನ,
ಕೃಷ್ಣಸ್ವಾಮಿ


ಚಾಮರಾಜಪುರಂ
೧೪ ಮಾರ್ಚ್ ೧೯೬೫

ಪ್ರಿಯ ಕೃಷ್ಣಸ್ವಾಮಿ,

ಗುರುವಾರಗಳು ನಿಂತಿವೆ. ಪುಟ್ಟತಾಯಮ್ಮ ಪರೀಕ್ಷೆ ಮಾಡಿಸಿಕೊಂಡಿದ್ದರಿಂದಲೇ ಸತ್ತಳೆಂದು ಒಂಟಿಕೊಪ್ಪಲಿನಲ್ಲಿ ಮಾತು ಹುಟ್ಟಿದೆ. ಹಿಂದಿನ ಕೋಣೆಯಲ್ಲಿ ಡಾಕ್ಟರು ಈಗ ಹತ್ತಿಯ ಮೂಟೆಗಳನ್ನು ಇಟ್ಟಿದ್ದಾರೆ. ಬೆಟ್ಟಮ್ಮ ಮೊಸರು ತರುತ್ತಾಳೆ. ನನ್ನನ್ನು ಏನನ್ನೂ ಕೇಳುವುದಿಲ್ಲ.

ನೀನು ಎರಡು ವರ್ಷದ ಹಿಂದೆ ಕೇಳಿದ್ದೆ, ಕಾಗದವನ್ನು ಯಾರು ಒಡೆಯುತ್ತಾರೆಂದು. ನಾನು ಒಂದು ಪುಟದ ಉತ್ತರ ಬರೆದೆ. ಪ್ರಶ್ನೆ ಅರ್ಥವಾದದ್ದು ಈಗ. ಗಂಗೆಯ ಇಪ್ಪತ್ತಮೂರು ಕಾಗದಗಳನ್ನು ಮತ್ತೆ ಓದಿದೆ. ಒಂದು ಅಕ್ಷರವೂ ಇಲ್ಲವೆಂದು ನಿನಗೆ ಬರೆದದ್ದು ಸುಳ್ಳು. ಒಂದೇ ಕಾಗದದಲ್ಲಿ ಮೂರು ಕಡೆ "ಬಹಳ ದಣಿವು" ಎಂದು ಬರೆದಿದ್ದಾಳೆ. ಎರಡನೆಯದರ ಕೆಳಗೂ ಮೂರನೆಯದರ ಕೆಳಗೂ ಕೆಂಪು ಗೆರೆಯಿದೆ. ಪಕ್ಕದಲ್ಲಿ ನನ್ನ ಅಕ್ಷರ: ಪುನರುಕ್ತಿ. ಮುಂದಿನ ಕಾಗದಗಳಲ್ಲಿ ದಣಿವಿನ ಮಾತಿಲ್ಲ.

ಇಷ್ಟನ್ನು ಬರೆಯುವುದಕ್ಕಾಗಿ ನಾನು ಕೂತದ್ದಲ್ಲ. ಹೋದ ಸೋಮವಾರ ಇದನ್ನೆಲ್ಲ ಸರ್ವಮಂಗಳೆಗೆ ಹೇಳಿದೆ. ಅವಳು ಎದ್ದು ಹೋಗಿ, ಪೆಟ್ಟಿಗೆಯ ತಳದಿಂದ, ಸೀರೆಗಳ ಕೆಳಗಿನಿಂದ ಒಂದು ಲಕೋಟೆ ತಂದಳು. ಅಂಟಿಸಿದ್ದು, ಒಡೆಯದ್ದು. ಮೇಲೆ ಗಂಗೆಯ ಕೈಬರಹ: "ಅಮ್ಮನಿಗೆ." ಅಂಚೆಯ ಮುದ್ರೆಯಿಲ್ಲ. ಅರವತ್ತೊಂದರಲ್ಲಿ ದಸರಾ ನೋಡಲು ಬಂದ ತುಮಕೂರಿನ ಪಕ್ಕದ ಮನೆಯಾಕೆಯ ಕೈಯಲ್ಲಿ ಕಳುಹಿಸಿದ್ದಂತೆ. ಅಂದರೆ, ಅವಳನ್ನು ಇಲ್ಲಿಗೆ ಮಲಗಿಸಿಕೊಂಡು ಬರುವುದಕ್ಕೆ ಐದು ತಿಂಗಳ ಮೊದಲು.

"ಅಪ್ಪಂಗೆ ಮಾತ್ರ ಓದಿಸ್ಬೇಡ ಅಂತ ಹೇಳಿ ಕಳಿಸಿದ್ಲು" ಎಂದಳು ಸರ್ವಮಂಗಳೆ. "ಇನ್ಯಾರ ಹತ್ರ ಓದಿಸ್ಲಿ? ಮನೆ ಕಾಗದ ಬೇರೆಯವರ ಕೈಗೆ ಕೊಡಬಾರ್ದು ಅಂತ ನೀವೇ ಹೇಳಿದ್ರಿ. ಶಿವರಾತ್ರಿಗೆ ಬರ್ತಾಳಲ್ಲ, ಅವಳ ಬಾಯಲ್ಲೇ ಕೇಳೋಣ ಅಂತ ಇಟ್ಕೊಂಡೆ. ಬಂದಾಗ ಕೇಳೋ ಹಾಗೇ ಇರ್ಲಿಲ್ಲ."

ಮೂರೂವರೆ ವರ್ಷ ಆ ಲಕೋಟೆ ನನ್ನ ಮನೆಯಲ್ಲಿತ್ತು. ನಾನು ಕೈ ಚಾಚಿದೆ, ಅಭ್ಯಾಸ. ಅವಳು ಕೊಡಲಿಲ್ಲ. ಸೀರೆ ಬದಲಿಸಿದಳು, ಆ ಎರಡನೆಯ ಗುರುವಾರದಂತೆ. ನಾನೂ ಬರುತ್ತೇನೆ ಎಂದೆ. "ಬೇಡ" ಎಂದಳು. ನಲವತ್ತು ವರ್ಷದ ಸಂಸಾರದಲ್ಲಿ ಆ ಪದವನ್ನು ಅವಳು ನನಗೆ ಹೇಳಿದ್ದು ಅದೇ ಮೊದಲು. ಒಬ್ಬಳೇ ಯಾದವಗಿರಿಗೆ ನಡೆದು ಹೋಗಿ, ಡಾಕ್ಟರ್ ನಾಗಮಣಿಯವರಿಂದ ಓದಿಸಿಕೊಂಡು ಬಂದಳು.

ಬಂದವಳು ಕಾಲು ತೊಳೆದು ಒಳಗೆ ಹೋದಳು. ಲಕೋಟೆ ಅವಳ ಕೈಯಲ್ಲಿರಲಿಲ್ಲ. ಊಟಕ್ಕೆ ಬಡಿಸಿದಳು. ಇಂದಿಗೆ ಆರು ದಿನ. ಅದರಲ್ಲಿ ಏನಿತ್ತೆಂದು ಅವಳು ಹೇಳಿಲ್ಲ, ನಾನು ಕೇಳಿಲ್ಲ. ಕೇಳಬೇಕೆಂದು ದಿನಕ್ಕೆ ಹತ್ತು ಸಾರಿ ಎದ್ದು ಅಡುಗೆಮನೆಯ ಬಾಗಿಲವರೆಗೆ ಹೋಗುತ್ತೇನೆ. ಅಲ್ಲಿ ಬಾಗಿಲ ಹಿಂದೆ ನಿಂತು, ಅವಳು ಪಾತ್ರೆ ತೊಳೆಯುವ ಸದ್ದನ್ನು ಕೇಳಿ ಹಿಂದಿರುಗುತ್ತೇನೆ.

ಈ ಕಾಗದವನ್ನು ಅಂಚೆಗೆ ಹಾಕುವ ಮೊದಲು ಅವಳಿಗೆ ಓದಿ ಹೇಳಬೇಕೆಂದಿದ್ದೆ. ಕರೆದೆ. "ನಿಮ್ಮ ಕಾಗದ, ನೀವೇ ಇಟ್ಕೊಳಿ" ಎಂದಳು.

ಇತಿ,
ಗಂಗೆಯ ತಂದೆ
ಸದಾಶಿವಯ್ಯ